ಕಾಪು ಕಡಲಲ್ಲಿ ಇಂಜಿನ್ ನಿಂತಾಗ

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಕಿರುಬೆರಳಷ್ಟೇ ಕಾಣುತ್ತಿತ್ತು. ನಾಲ್ವರು ಸ್ಕೂಬಾಕ್ಕೆ ನೀರಿಗಿಳಿದಿದ್ದರು. ಕಿವಿನೋವಿದ್ದ ನಾನು, ದೋಣಿ ನಡೆಸುವ ಅಣ್ಣ ಮೇಲೆಯೇ ಇದ್ದೆವು. ದೋಣಿಯನ್ನು ತುಸು ಸರಿಸುವಷ್ಟರಲ್ಲಿ ಅಲಾರಂ ಕೂಗಿ ಇಂಜಿನ್ ನಿಂತೇಹೋಯಿತು. ಗಾಳಿ ನಮ್ಮನ್ನು ಬಂಡೆಯತ್ತ ತಳ್ಳುತ್ತಿತ್ತು.

ಮೊದಲು ಲಂಗರು. ಎರಡನೇ ಎಸೆತಕ್ಕೆ ಕಚ್ಚಿತು, ಹಗ್ಗ ಬಿಗಿಯಾಯಿತು. ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಿ ನಾವಿರುವ ಜಾಗ ಹೇಳಿದೆ.

ದೋಣಿಯ ಹಿಂಬದಿಗೆ ಜೋಡಿಸುವ ಔಟ್‌ಬೋರ್ಡ್ ಇಂಜಿನ್ ಓಡುವಾಗ, ಅದನ್ನು ತಂಪಾಗಿಡುವ ನೀರು ಹಿಂದಿನಿಂದ ಸಣ್ಣ ಧಾರೆಯಾಗಿ ಚಿಮ್ಮುತ್ತಲೇ ಇರಬೇಕು. ಅದು ಆಗಲೇ ನಿಂತಿತ್ತು, ನಾವು ಗಮನಿಸಿರಲಿಲ್ಲ. ಕೀಲಿ ತೆಗೆದು ಇಂಜಿನ್ ಮೇಲೆತ್ತಿ ನೋಡಿದರೆ, ಆ ನೀರನ್ನು ಎಳೆದುಕೊಳ್ಳುವ ಜಾಲರಿಗೆ ಹಾಲಿನ ಪ್ಯಾಕೆಟ್ಟೊಂದು ಚರ್ಮದಂತೆ ಅಂಟಿಕೊಂಡಿತ್ತು! ಚೂರಿಯ ತುದಿಯಿಂದ ಕಿತ್ತೆವು.

"ಈಗಲೇ ಸ್ಟಾರ್ಟ್ ಮಾಡೋಣವಾ ಅಣ್ಣ?" ಎಂದೆ.

"ಬೇಡ ಮಾರಾಯ್ರೆ, ಅವರು ಕೆಳಗಿದ್ದಾರೆ."

ನೀರಿನೊಳಗೆ ತಿರುಗುವ ಇಂಜಿನ್ ಫ್ಯಾನಿನ ಅಪಾಯ ನನಗೆ ಹೊಳೆದೇ ಇರಲಿಲ್ಲ. ಏಣಿಯ ಕಬ್ಬಿಣಕ್ಕೆ ಸ್ಪ್ಯಾನರಿನಿಂದ ಬಡಿದೆವು. ನೀರಲ್ಲಿ ಸದ್ದು ದೂರ ಹೋಗುತ್ತದೆ. ಒಬ್ಬೊಬ್ಬರಾಗಿ ಮೇಲೆ ಬಂದರು. ನಾಲ್ಕು ತಲೆ ಎಣಿಸಿದ ಮೇಲೆಯೇ, ತಣಿದ ಇಂಜಿನ್‌ನ ಕೀಲಿ ತಿರುಗಿಸಿದ್ದು. ಧಾರೆ ಚಿಮ್ಮಿತು. 1093ಕ್ಕೆ ಮತ್ತೆ ಕರೆ ಮಾಡಿ, ಎಲ್ಲರೂ ಕ್ಷೇಮ ಎಂದು ತಿಳಿಸಿದೆ.