ವಾರ್ಡಿನ ಜನ ಮಾಡಿದ ಪಟ್ಟಿ ಕ್ರಿಯಾಯೋಜನೆಗೆ ಸೇರಿದ್ದು ಹೇಗೆ: ನನ್ನ ಅನುಭವ

ಹೋದ ಸಲದ ಪಾಲಿಕೆ ಕ್ರಿಯಾಯೋಜನೆಲಿ, ಅಂದ್ರೆ ಆ ವರ್ಷ ಯಾವ್ಯಾವ ಕೆಲಸಕ್ಕೆ ದುಡ್ಡು ಅಂತ ಮಾಡೋ ಪಟ್ಟಿಲಿ, ನಮ್ಮ ವಾರ್ಡಿನ ಜನ ಆರಿಸಿದ ಐದು ಕಾಮಗಾರಿಲಿ ನಾಲ್ಕು ಬಂದ್ವು, ಅದ್ರಲ್ಲಿ ಮೂರು ಮುಗಿದೂ ಆಯ್ತು. ವಾರ್ಡ್ ಸಮಿತಿಲಿ (ವಾರ್ಡಿನ ಕೆಲಸ ನೋಡೋಕೆ ಅಲ್ಲಿಯ ಜನರದ್ದೇ ಸಮಿತಿ) ಒದ್ದಾಡಿದೋರಿಗೆ ಇದು ಎಷ್ಟು ದೊಡ್ಡ ವಿಷ್ಯ ಅಂತ ಬಿಡಿಸಿ ಹೇಳ್ಬೇಕಿಲ್ಲ. "ನಿಮ್ಮ ಪಟ್ಟಿ ಕೊನೆಗೆ ಬೋಂಡಾ ಅಂಗಡಿಗೆ ಹೋಗತ್ತೆ ನೋಡಿ" ಅಂತಿದ್ದ ನಮ್ಮ ಬಡಾವಣೆಯ ರಿಟೈರ್ಡ್ ಮೇಷ್ಟ್ರೇ ಈಗ ಪಕ್ಕದ ವಾರ್ಡಿನೋರನ್ನ ನಮ್ಮನೆಗೆ ಕರ್ಕೊಂಡು ಬರ್ತಿದಾರೆ, ಎಲ್ಲರಿಗೂ ಅದೇ ಕಥೆ ಹೇಳಿ ಹೇಳಿ ಸಾಕಾಗಿ ಬರೆದಿಡ್ತಾ ಇದೀನಿ. ಊರಿನ ಹೆಸರು, ವಾರ್ಡ್ ನಂಬರ್ ಹಾಕಲ್ಲ, ಸಹಾಯ ಮಾಡಿದ ಜೆಇ (ಪಾಲಿಕೆಯ ಜೂನಿಯರ್ ಇಂಜಿನಿಯರ್) ಇನ್ನೂ ಅದೇ ಸೀಟಲ್ಲಿದಾರೆ. ಬೆಂಗಳೂರಲ್ಲ, ಹತ್ತು ಲಕ್ಷದೊಳಗಿನ ಊರು, ಅಷ್ಟು ಸಾಕು.

ಸಂವಿಧಾನದ 74ನೇ ತಿದ್ದುಪಡಿ, ವಾರ್ಡ್ ಸಮಿತಿ ಬಗ್ಗೆ ಇರೋ 243ಎಸ್ ವಿಧಿ, ಹತ್ತು ಜನ ಸದಸ್ಯರು, ಅದ್ರಲ್ಲಿ ಮೂರು ಜನ ಹೆಂಗಸರು, ಇದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ನಮ್ಮಲ್ಲಿ ಸಮಿತಿ ಆದ ಮೇಲೆ ಮೊದಲ ಒಂದೂವರೆ ವರ್ಷ ನಡೆದಿದ್ದು ಮನವಿ ಕೊಡೋ ಕೆಲಸ. ಒಂದೊಂದು ಮನವಿಲಿ ಮೂವತ್ತು ನಲವತ್ತು ಬೇಡಿಕೆ, ಕೆಳಗೆ ಸೀಲು, ಕೊಡುವಾಗ ಒಂದು ಫೋಟೋ. ಇನ್‌ವರ್ಡ್ ನಂಬರ್ ಬಿಟ್ಟು ಇನ್ನೇನೂ ವಾಪಸ್ ಬರ್ಲಿಲ್ಲ. ಬಜೆಟ್ ಪೂರ್ವಭಾವಿ ಸಭೆಗೂ ಹೋಗಿದ್ವಿ, ಅಲ್ಲಿ ಮೈಕ್ ಹಿಡಿದೋರೆಲ್ಲ ಮಾಜಿಗಳು, ವ್ಯಾಪಾರಿಗಳ ಸಂಘದೋರು, ಸರ್ಕಲ್ಲಿಗೆ ಯಾರ ಪ್ರತಿಮೆ ಅನ್ನೋದ್ರ ಮೇಲೇ ಮುಕ್ಕಾಲು ಗಂಟೆ ಹೋಯ್ತು, ನಮ್ಮ ಸರದಿ ಬರೋ ಹೊತ್ತಿಗೆ ಕಮಿಷನರ್ ಎದ್ದು ಹೋಗಿದ್ರು, ನಾವು ಉಪ್ಪಿಟ್ಟು ತಿಂದು ಬಂದ್ವಿ.

ಆಮೇಲೆ ಹುಡುಗರು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಬಿಟ್ರು. ನಲವತ್ತು ಚಿಲ್ಲರೆ ಉತ್ತರ ಬಂತು, ಅರ್ಧಕ್ಕಿಂತ ಜಾಸ್ತಿ ಎರಡೇ ಅಪಾರ್ಟ್‌ಮೆಂಟಿಂದ. ಮೊದಲ್ನೇದು ಪಾರ್ಕಲ್ಲಿ ವಾಕಿಂಗ್ ಟ್ರ್ಯಾಕ್, ಎರಡ್ನೇದು ಸಿಸಿ ಕ್ಯಾಮೆರಾ. ನಮ್ಮ ವಾರ್ಡಿನ ಕೆಳಗಿನ ಅರ್ಧ, ಅಂದ್ರೆ ಮೋರಿ ಪಕ್ಕದ ನಾಲ್ಕು ಬೀದಿ, ಅದ್ರಲ್ಲಿ ಲೆಕ್ಕಕ್ಕೇ ಇಲ್ಲ. ಇದನ್ನ ತಗೊಂಡು ಹೋದ್ರೆ ಕಾರ್ಪೊರೇಟರ್ ಒಂದೇ ಮಾತಲ್ಲಿ ಹೊಡೆದು ಹಾಕ್ತಾರೆ, "ನನಗೆ ವೋಟ್ ಹಾಕಿದೋರು ಇದ್ರಲ್ಲಿ ಯಾರಿದಾರೆ ತೋರ್ಸಿ" ಅಂತ. ನ್ಯಾಯವಾದ ಪ್ರಶ್ನೆನೇ.

ಹಾಗಾಗಿ ಜನರನ್ನ ಸಭೆಗೆ ಕರೆಯೋದು ಬಿಟ್ಟು ಜನ ಕ್ಯೂ ನಿಲ್ಲೋ ಕಡೆಗೆ ನಾವೇ ಹೋದ್ವಿ. ರೇಷನ್ ಅಂಗಡಿ, ಹಾಲಿನ ಬೂತು, ಸಂಜೆ ಗಾರ್ಮೆಂಟ್ಸ್ ಬಸ್ಸು ನಿಲ್ಲೋ ಜಾಗ. ಎಂಟು ಪ್ಲಾಸ್ಟಿಕ್ ಡಬ್ಬ, ಪ್ರತಿ ಡಬ್ಬಕ್ಕೂ ಒಂದು ಕೆಲಸದ ಫೋಟೋ ಅಂಟಿಸಿದ್ವಿ, ಓದಕ್ಕೆ ಬರ್ದಿರೋರೂ ಹಾಕ್ಬಹುದು. ಒಬ್ಬೊಬ್ರಿಗೆ ಮೂರು ಬೀಜ, ಮೂರನ್ನೂ ಒಂದೇ ಡಬ್ಬಕ್ಕೆ ಹಾಕಿದ್ರೂ ಸರಿ. ಮೊದಲು ಕಡಲೆಕಾಯಿ ಬೀಜ ಇಟ್ಟಿದ್ವಿ, ಮಕ್ಕಳು ವೋಟನ್ನೇ ತಿಂದು ಮುಗಿಸಿದ್ವು, ಆಮೇಲೆ ಹುಣಸೆ ಬೀಜಕ್ಕೆ ಬಂದ್ವಿ. ಮೂರ್ನಾಲ್ಕು ವಾರದಲ್ಲಿ ಹತ್ತಿರ ಹತ್ತಿರ 600 ಜನ ಹಾಕಿರ್ಬೇಕು. ವಾಕಿಂಗ್ ಟ್ರ್ಯಾಕ್ ಆರ್ನೇ ಜಾಗಕ್ಕೆ ಇಳೀತು. ಮೇಲೆ ಬಂದಿದ್ದು ಸ್ಲ್ಯಾಬ್ ಇಲ್ಲದ ಚರಂಡಿ, ಅದರ ಹಿಂದೆ ಬಸ್ ನಿಲ್ಲೋ ಜಾಗದಿಂದ ಒಳಗೆ ಹೋಗೋ ದಾರಿಯ ಬೀದಿದೀಪ. ಈ ದೀಪದ ವಿಷ್ಯ ಒಂದೂವರೆ ವರ್ಷದ ಸಭೆಗಳಲ್ಲಿ ಒಬ್ರ ಬಾಯಲ್ಲೂ ಬಂದಿರ್ಲಿಲ್ಲ, ಯಾಕಂದ್ರೆ ಆ ದಾರಿಲಿ ರಾತ್ರಿ ನಡಿಯೋರು ಯಾರೂ ಸಭೆಗೆ ಬರ್ತಿರ್ಲಿಲ್ಲ.

ಅಪಾರ್ಟ್‌ಮೆಂಟಿನೋರು ಮುನಿಸ್ಕೊಂಡ್ರು. ಒಬ್ರಂತೂ "ತೆರಿಗೆ ಕಟ್ಟೋದು ನಾವು, ಬೀಜ ಹಾಕೋರು ಅವರಾ" ಅಂದ್ರು. ಅವರ ಕೈಗೂ ಮೂರು ಬೀಜ ಕೊಟ್ಟೆ. ಹಾಕಿದ್ರು.

ಪಟ್ಟಿ ಆದ್ರೆ ಅರ್ಧ ಕೆಲಸ ಅಷ್ಟೇ. ಬಹಳ ಕಡೆ ಸಮಿತಿಗಳು ಇಲ್ಲೇ ನಿಂತು ಬಿಡ್ತವೆ ಅನ್ನೋದು ನನ್ನ ಅಭಿಪ್ರಾಯ. "ದುಡ್ಡಿಲ್ಲ ಸಾರ್" ಅಂತ ಇಂಜಿನಿಯರ್ ಅಂದ್ರೆ ಅದು ಯಾವಾಗ್ಲೂ ಸುಳ್ಳಲ್ಲ, ಆ ಹೆಡ್ಡಲ್ಲಿ (ಬಜೆಟ್ಟಲ್ಲಿ ಆ ಥರದ ಕೆಲಸಕ್ಕೆ ಅಂತ ಇಟ್ಟ ಬಾಬ್ತಲ್ಲಿ) ದುಡ್ಡಿಲ್ಲ ಅಂತ ಅರ್ಥ. ನಾನು ಆರ್‌ಟಿಐ ಹಾಕಿ ಹಿಂದಿನ ಮೂರು ವರ್ಷದ ಕ್ರಿಯಾಯೋಜನೆ ಕಾಪಿ ತರ್ಸಿದೆ, ಅರ್ಜಿಗೆ 10 ರೂಪಾಯಿ, ಪೇಜಿಗೆ 2 ರೂಪಾಯಿ, ಎಲ್ಲ ಸೇರಿ ಮುನ್ನೂರು ನಾನ್ನೂರು ಆಗಿರ್ಬೇಕು, ನಾನು ಮಾಡಿದ ಖರ್ಚಲ್ಲೆಲ್ಲ ಲಾಭದ್ದು ಅಂದ್ರೆ ಇದೇ. ಓದ್ತಾ ಕೂತ್ರೆ ಪಾಲಿಕೆ ಹೆಂಗೆ ಯೋಚನೆ ಮಾಡತ್ತೆ ಅಂತ ಕಾಣತ್ತೆ. 2021-26ರ ಅವಧಿಗೆ ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನಮ್ಮಂಥ ಊರಿಗೆ ಶೇ 60 ಕುಡಿಯೋ ನೀರು, ಕಸ, ನೈರ್ಮಲ್ಯಕ್ಕೇ ಕಟ್ಟುಪಾಡು ಇತ್ತು, ಅದ್ರಲ್ಲಿ ರಸ್ತೆ ಕೇಳಿದ್ರೆ ಎಲ್ಲಿಂದ ಕೊಡ್ತಿದ್ರು. ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಎತ್ತಿಡೋದಿದೆಯಲ್ಲ, ಅದ್ರಲ್ಲಿ ಶೇ 5ರದ್ದು ನಮ್ಮ ಪಾಲಿಕೆಲಿ ಖರ್ಚೇ ಆಗದೆ ಮುಂದಿನ ವರ್ಷಕ್ಕೆ ಹೋಗ್ತಾ ಇತ್ತು. ಹೆಲ್ತ್ ಸೆಂಟರ್ ಮುಂದಿನ ಫುಟ್‌ಪಾತಿಗೆ ರ‍್ಯಾಂಪು, ಕಂಬಿ ನಾವು ಆ ಹೆಡ್ಡಲ್ಲೇ ಕೇಳಿದ್ವಿ, ಒಬ್ರೂ ಅಡ್ಡ ಬರ್ಲಿಲ್ಲ. ಮೊದಲು ಮುಗಿದಿದ್ದೇ ಅದು. ಚರಂಡಿ ಇರೋ ಬೀದಿ ಪರಿಶಿಷ್ಟರ ಕಾಲೋನಿ, ಅದಕ್ಕೆ 24.10. ದೀಪ ಪಾಲಿಕೆ ಸ್ವಂತ ನಿಧಿಲಿ.

ಆಮೇಲೆ ಒಂದು ಕಾಮಗಾರಿಗೆ ಒಂದೇ ಹಾಳೆ. ಈ ಐಡಿಯಾ ನಂದಲ್ಲ, ಪುಣೆ ಪಾಲಿಕೆಲಿ 2006ರಿಂದ ನಾಗರಿಕರಿಂದ ಬಜೆಟ್ಟಿಗೆ ಸಲಹೆ ಫಾರ್ಮ್ ತಗೊಳ್ಳೋದಿದೆ, ಅದನ್ನ ನೋಡಿ ನಮಗೆ ಬೇಕಾದ ಹಾಗೆ ತಿದ್ದಿಕೊಂಡ್ವಿ. ಎಲ್ಲಿಂದ ಎಲ್ಲಿವರೆಗೆ, ಎಷ್ಟು ಮೀಟರ್, ಎರಡು ಫೋಟೋ, ಎಷ್ಟು ಬೀಜ ಬಿತ್ತು, ಯಾವ ಹೆಡ್ಡು, ಎಸ್‌ಆರ್ (ಸರ್ಕಾರಿ ದರಪಟ್ಟಿ) ಪ್ರಕಾರ ಸುಮಾರು ಎಷ್ಟಾಗತ್ತೆ. ಚರಂಡಿ ನೂರೆಂಬತ್ತು ಮೀಟರ್ ಹತ್ರ, ಹತ್ತು ಹನ್ನೊಂದು ಲಕ್ಷ ಬರ್ದಿದ್ವಿ, ಪಾಲಿಕೆ ಎಸ್ಟಿಮೇಟ್ ಬಂದಾಗ ಒಂದು ಲಕ್ಷದ ಆಚೆ ಈಚೆ ಅಷ್ಟೇ, ಅವತ್ತಿಂದ ಜೆಇ ನಮ್ಮನ್ನ ನೋಡೋ ರೀತಿನೇ ಬೇರೆ ಆಯ್ತು ಅಂತ ಸ್ವಲ್ಪ ಜಂಬ ಪಡ್ತೀನಿ. ಅವರಿಗೂ ಲಾಭ ಇದೆ ನೋಡಿ, ನಾಲ್ಕು ವಾರ್ಡಿಗೆ ಒಬ್ರು, ಕ್ರಿಯಾಯೋಜನೆ ನಾಳೆ ಬೇಕು ಅಂತ ಮೇಲಿಂದ ಫೋನ್ ಬಂದ್ರೆ ಟೇಬಲ್ ಮೇಲೆ ರೆಡಿ ಇರೋ ಹಾಳೆನೇ ಒಳಗೆ ಹೋಗೋದು. ಇದು ಮದುವೆ ಮನೆ ಅಡಿಗೆ ಇದ್ದ ಹಾಗೆ, ಬಡಿಸೋ ಹೊತ್ತಲ್ಲಿ ಹೋಗಿ ಪಲ್ಯ ಬದಲಾಯ್ಸಿ ಅಂದ್ರೆ ಯಾರು ಕೇಳ್ತಾರೆ. ಫೆಬ್ರವರಿಲಿ ಕೊಟ್ರೆ ವೇಸ್ಟು, ಡಿಸೆಂಬರ್ ಒಳಗೆ ಅವರ ಕೈಲಿರ್ಬೇಕು.

ಕಾರ್ಪೊರೇಟರ್ ವಿಷ್ಯ. ಮೊದಲು "ನನ್ನ ಫಂಡು, ನೀವ್ಯಾರ್ರೀ ಹೇಳೋಕೆ" ಅಂತಲೇ ಶುರುವಾಯ್ತು. ಅವರೇ ಸಭೆಲಿ ಪಟ್ಟಿ ಓದಿ ಠರಾವು ಮಾಡೋ ಹಾಗೆ ಹೆಂಗಾಯ್ತು ಅನ್ನೋದನ್ನ ಇಲ್ಲಿ ಬರೆಯಲ್ಲ, ಈ ವರ್ಷವೂ ಅದೇ ದಾರಿ ಬೇಕು ನಮಗೆ. ತಪ್ಪು ಕೆಲಸ ಏನೂ ಇಲ್ಲ, ಒಂದು ರೂಪಾಯಿನೂ ಕೊಟ್ಟಿಲ್ಲ. ಕಾಮಗಾರಿ ಬೋರ್ಡಲ್ಲಿ ಅವರ ಹೆಸರು ನಮ್ಮ ಸಂಘದ ಹೆಸರಿಗಿಂತ ಎರಡು ಪಟ್ಟು ದೊಡ್ಡದಾಗಿದೆ ಅಂತ ಮಾತ್ರ ಹೇಳ್ತೀನಿ.

ನಡುವೆ ಒಂದು ಹುಚ್ಚು ಪ್ರಯೋಗ. ಪಿಯು ಹುಡುಗ ಒಬ್ಬ ಫೋನಲ್ಲಿ ಬೆಳಕು ಅಳೆಯೋ ಆ್ಯಪ್ ಹಾಕ್ಕೊಂಡು ರಾತ್ರಿ ಕಂಬದಿಂದ ಕಂಬಕ್ಕೆ ಅಳೆದು ಮ್ಯಾಪ್ ಮಾಡ್ತೀನಿ ಅಂದ. ಎರಡು ಫೋನಲ್ಲಿ ಎರಡು ಥರ ನಂಬರ್, ಏನೂ ಉಪಯೋಗಕ್ಕೆ ಬರ್ಲಿಲ್ಲ, ನಾಯಿಗಳು ಅಟ್ಟಿಸ್ಕೊಂಡು ಬಂದಿದ್ದೇ ಬಂತು. ಆದ್ರೆ ಒಂಬತ್ತೂವರೆಗೆ ಅದೇ ದಾರಿಲಿ ನಾಲ್ಕು ಜನ ಹೆಣ್ಮಕ್ಕಳು ಮೊಬೈಲ್ ಟಾರ್ಚ್ ಹಿಡ್ಕೊಂಡು ಬರೋ ಫೋಟೋ ಸಿಕ್ತು, ಮುಖ ಕಾಣಲ್ಲ, ಅವರನ್ನ ಕೇಳಿಯೇ ತೆಗೆದಿದ್ದು. ಅದನ್ನ ಹಾಳೆಗೆ ಹಾಕಿದ್ವಿ, ಆ ಫೋಟೋ ನೋಡಿದ ಮೇಲೆ ಎಇಇ (ಜೆಇಗಿಂತ ಮೇಲಿನ ಇಂಜಿನಿಯರ್) ಏನೂ ಮಾತಾಡ್ಲಿಲ್ಲ, ಸೈನ್ ಹಾಕಿದ್ರು.

ಖರ್ಚು: ಡಬ್ಬ, ಕಲರ್ ಪ್ರಿಂಟ್, ಜೆರಾಕ್ಸು, ಟೀ ಎಲ್ಲ ಸೇರಿ ನಾಲ್ಕು ಸಾವಿರ ದಾಟಿಲ್ಲ, ಟೀದೇ ಅರ್ಧ. ಬಂದ ಕಾಮಗಾರಿ ಒಟ್ಟು ಇಪ್ಪತ್ತು ಇಪ್ಪತ್ತೆರಡು ಲಕ್ಷದ್ದು. ಬೆಂಗಳೂರಲ್ಲಿ 2021-22ರ ಬಜೆಟ್ಟಲ್ಲಿ ವಾರ್ಡಿಗೆ 60 ಲಕ್ಷ ಅಂತ ಸಮಿತಿಗಳ ಹೆಸರಲ್ಲಿ ಇಟ್ಟಿದ್ರು, ನಮ್ಮೂರಲ್ಲಿ ಹಂಗೆ ಪ್ರತ್ಯೇಕ ಏನೂ ಇಲ್ಲ, ಇರೋ ಹೆಡ್ಡಲ್ಲೇ ಹುಡುಕಿದ್ದು.

ಬರದೇ ಇದ್ದ ಐದನೇ ಕೆಲಸ ನಲ್ಲಿ ನೀರಿನ ಟೈಮು. ರಾತ್ರಿ ಎರಡಕ್ಕೆ ಬಿಡ್ತಾರೆ, ಬೆಳಿಗ್ಗೆ ಐದಕ್ಕೆ ಬಿಡಿ ಅಂತ ಕೇಳಿದ್ದು, ಬೀಜದ ಲೆಕ್ಕದಲ್ಲಿ ಮೂರನೇದು. ಇದಕ್ಕೆ ಎಸ್ಟಿಮೇಟೂ ಇಲ್ಲ, ಹೆಡ್ಡೂ ಇಲ್ಲ, ದುಡ್ಡೇ ಬೇಡದ ಕೆಲಸ, ಅದಕ್ಕೇ ಯಾವ ಫೈಲಲ್ಲೂ ಕೂರಲ್ಲ. ವಾಲ್ವ್‌ಮನ್ ಹತ್ರ ಹೋದ್ರೆ "ಇಂಜಿನಿಯರ್ ಹೇಳ್ಬೇಕು", ಇಂಜಿನಿಯರ್ ಹತ್ರ ಹೋದ್ರೆ "ಟ್ಯಾಂಕ್ ತುಂಬೋದೇ ಆಗ". ಈಗ ಟ್ಯಾಂಕ್ ಎಷ್ಟೊತ್ತಿಗೆ ತುಂಬತ್ತೆ ಅಂತ ಕೆಳಗಿನ ಬೀದಿಯ ಇಬ್ರು ಅಕ್ಕಂದಿರು ಪುಸ್ತಕದಲ್ಲಿ ಬರೆದಿಡ್ತಾ ಇದಾರೆ. ನವೆಂಬರ್ ಹೊತ್ತಿಗೆ ಅದೂ ಒಂದು ಹಾಳೆ ಆಗತ್ತೆ.