ಫ್ರಾಂಕ್‌ಫರ್ಟಿನಲ್ಲಿ 65 ನಿಮಿಷ

ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹ ಕಡೆಯುವ, ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಲೇತ್, ಒಂದು ಮಿಲ್ಲಿಂಗ್ ಯಂತ್ರ, ಒಂಬತ್ತು ಜನ. ಯಂತ್ರೋಪಕರಣಗಳ ದೊಡ್ಡ ಮೇಳ ‘ಎಮೋ’ 2023ರಲ್ಲೂ 2025ರಲ್ಲೂ ಜರ್ಮನಿಯ ಹ್ಯಾನೋವರಿನಲ್ಲಿ ನಡೆಯಿತು. ಎರಡಕ್ಕೂ ಹೋಗಿ ಬಂದೆ. ಎರಡು ಸಲವೂ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನದಲ್ಲಿ ಹ್ಯಾನೋವರ್. ನಡುವೆ ಸಿಕ್ಕ ಸಮಯ ಮೊದಲ ಸಲ 65 ನಿಮಿಷ, ಎರಡನೆಯ ಸಲ 70. ಮೊದಲನೆಯದು ತಪ್ಪಿತು, ಎರಡನೆಯದು ಸಿಕ್ಕಿತು. ಆ ಐದು ನಿಮಿಷದಿಂದ ಸಿಕ್ಕಿತೆಂದುಕೊಂಡರೆ ತಪ್ಪಾಗುತ್ತದೆ. ಎರಡನೆಯ ಸಲ ನಮ್ಮ ವಿಮಾನ 15 ನಿಮಿಷ ತಡವಾಗಿಯೇ ಇಳಿದಿತ್ತು.

ಮೊದಲ ಪ್ರಯಾಣದ ಟಿಕೆಟ್ ಮಾಡಿಸುವಾಗ ಏಜೆಂಟನ್ನು ಕೇಳಿದ್ದೆ: ‘ಒಂದು ಗಂಟೆ ಸಾಕಾಗುತ್ತದೆಯೇ ಸ್ವಾಮಿ?’ ‘ಸಾಲದಿದ್ದರೆ ಕಂಪ್ಯೂಟರ್ ಟಿಕೆಟನ್ನೇ ಕೊಡುವುದಿಲ್ಲ ಸರ್’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಪ್ರತಿ ವಿಮಾನ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಸಮಯವೆಂದು ಒಂದು ಲೆಕ್ಕ ಇರುತ್ತದೆ. ಫ್ರಾಂಕ್‌ಫರ್ಟಿನ ಒಂದನೆಯ ಟರ್ಮಿನಲ್ಲಿನಲ್ಲಿ ಅದು 45 ನಿಮಿಷ. ಆದರೆ ಆ ಲೆಕ್ಕಕ್ಕೆ ನಾನು 41ನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೇನೆಂದು ಗೊತ್ತಿರುವುದಿಲ್ಲ, ನನ್ನ ಚೀಲದಲ್ಲಿ ಏನಿದೆ ಎಂದೂ ಗೊತ್ತಿರುವುದಿಲ್ಲ.

ಚೀಲದಲ್ಲಿ ಇದ್ದದ್ದು ಇಷ್ಟು. ಹನ್ನೆರಡು ಜಾಬ್‌ಗಳು. ಲೇತಿನಲ್ಲಿ ಕಡೆದ ಬಿಡಿಭಾಗವನ್ನು ನಮ್ಮಲ್ಲಿ ಜಾಬ್ ಎಂದೇ ಕರೆಯುತ್ತೇವೆ. ಹಿತ್ತಾಳೆ ಬುಷ್‌ಗಳು, ಅಂದರೆ ಗಿಡ್ಡ ಕೊಳವೆಯಂಥ ಭಾಗಗಳು, ಎರಡು ಉಕ್ಕಿನ ಶಾಫ್ಟ್, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ದಿನಪತ್ರಿಕೆಯಲ್ಲಿ ಸುತ್ತಿದ್ದವು. ಮೇಳದಲ್ಲಿ ತೋರಿಸಬೇಕಾದ ಮಾದರಿಗಳು, ಕಳೆದುಹೋದರೆ ಕಷ್ಟ ಎಂದು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಅವುಗಳ ಮೇಲೆ ಒಂದು ಕಿಲೋ ಚಟ್ನಿಪುಡಿ. ನನ್ನ ಹೆಂಡತಿಯ ಅಕ್ಕನ ಮಗ ಹ್ಯಾನೋವರಿನಲ್ಲಿ ಓದುತ್ತಿದ್ದಾನೆ, ಅವನಿಗೆ. ಪಕ್ಕದಲ್ಲಿ ಸ್ಟೀಲ್ ನೀರಿನ ಬಾಟಲಿ. ಬೆಂಗಳೂರಿನಲ್ಲಿ ತಪಾಸಣೆಗೆ ಮುಂಚೆ ಅದನ್ನು ಖಾಲಿ ಮಾಡಿದ್ದೆ. ವಿಮಾನದಲ್ಲಿ ಗಗನಸಖಿಯನ್ನು ಕೇಳಿ ತುಂಬಿಸಿಕೊಂಡು ಮರೆತುಬಿಟ್ಟೆ.

ಭಾರತದಿಂದ ಬಂದವರಿಗೆ ಫ್ರಾಂಕ್‌ಫರ್ಟಿನಲ್ಲಿ ಮತ್ತೊಮ್ಮೆ ಸುರಕ್ಷತಾ ತಪಾಸಣೆ ಇರುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ. ಕೆಲವು ದೇಶಗಳ ತಪಾಸಣೆಯನ್ನು ಯುರೋಪು ತನ್ನದಕ್ಕೆ ಸಮ ಎಂದು ಒಪ್ಪಿಕೊಂಡಿದೆ. ಆ ಪಟ್ಟಿಯಲ್ಲಿ ನಾವಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಬೆಲ್ಟ್ ಬಿಚ್ಚಿದವನು ಇಲ್ಲಿ ಇಳಿದು ಮತ್ತೆ ಬಿಚ್ಚಬೇಕಿತ್ತು, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಕೂಡದೆಂಬ ನಿಯಮಕ್ಕೆ ಮತ್ತೆ ಒಳಪಡಬೇಕಿತ್ತು. ನನ್ನ ಚೀಲ ಯಂತ್ರದೊಳಗೆ ಹೋಯಿತು, ನಿಂತಿತು, ಹಿಂದೆ ಸರಿಯಿತು, ಆಮೇಲೆ ಪಕ್ಕದ ಪಟ್ಟಿಗೆ ಜಾರಿತು. ಅಲ್ಲಿ ಮೊದಲೇ ನಾಲ್ಕು ಚೀಲಗಳು ಕಾಯುತ್ತಿದ್ದವು. ಎಕ್ಸ್‌ರೇ ತೆರೆಯ ಮೇಲೆ ಹಿತ್ತಾಳೆ ಕಪ್ಪು ಗಟ್ಟಿಯಾಗಿ ಕಾಣುತ್ತದೆ, ಅದರ ಮೇಲೆ ಒಂದು ಕಿಲೋ ಪುಡಿ, ಪಕ್ಕದಲ್ಲಿ ತುಂಬಿದ ಬಾಟಲಿ. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಆತ ಒಂದೊಂದೇ ಬುಷ್ ಬಿಚ್ಚಿ ನೋಡಿದ, ಚಟ್ನಿಪುಡಿಯ ಪೊಟ್ಟಣದ ಮೇಲೆ ಬಿಳಿ ಪಟ್ಟಿ ಉಜ್ಜಿ ಯಂತ್ರಕ್ಕೆ ಕೊಟ್ಟ, ಎಣ್ಣೆಯಾದ ಕೈಗವಸು ಬದಲಿಸಿದ. ಕೊನೆಗೆ ಬುಷ್ ಒಂದನ್ನು ಬೆಳಕಿಗೆ ಹಿಡಿದು ‘ಗುಟ್’ ಎಂದ. ಫಿನಿಶಿಂಗ್ ಚೆನ್ನಾಗಿದೆ ಎಂದನೋ, ಹೋಗಬಹುದು ಎಂದನೋ ತಿಳಿಯಲಿಲ್ಲ. ಅಷ್ಟರಲ್ಲಿ 20 ನಿಮಿಷ ಕಳೆದಿತ್ತು.

ಪಾಸ್‌ಪೋರ್ಟ್ ಕೌಂಟರಿನಲ್ಲಿ ಹೋಟೆಲ್ ಕಾಯ್ದಿರಿಸಿದ ಚೀಟಿ ಕೇಳಿದರು. ಅದು ಮೊಬೈಲಿನಲ್ಲಿತ್ತು, ಮೊಬೈಲ್ ರೋಮಿಂಗ್ ಹುಡುಕುತ್ತಿತ್ತು. ಆಮೇಲೆ ಓಡಿದೆ. ಗೇಟಿಗೆ ಹೋದಾಗ ಅಲ್ಲಿ ವಿಮಾನವೂ ಇಲ್ಲ, ಮನುಷ್ಯರೂ ಇಲ್ಲ. ಅದು ಬಸ್ಸಿನಲ್ಲಿ ಕರೆದೊಯ್ಯುವ ಗೇಟ್. ಬಸ್ ಹೊರಟು ಹೋಗಿತ್ತು. ವಿಮಾನ ಹೊರಡಲು ಇನ್ನೂ ಎಂಟು ನಿಮಿಷ ಇದೆ ಎಂದು ನನ್ನ ಟಿಕೆಟ್ ಹೇಳುತ್ತಿತ್ತು.

ಅಲ್ಲಿ ಕುಳಿತು ಮಾಡಿದ ಲೆಕ್ಕ ಮನೆಯಲ್ಲಿ ಮಾಡಬೇಕಾಗಿದ್ದದ್ದು. ಟಿಕೆಟ್ಟಿನಲ್ಲಿರುವ ಹೊರಡುವ ಹೊತ್ತು ವಿಮಾನದ್ದು, ನಮ್ಮದಲ್ಲ. ಗೇಟನ್ನು ಸುಮಾರು 15 ನಿಮಿಷ ಮೊದಲೇ ಮುಚ್ಚುತ್ತಾರೆ. ಅಲ್ಲಿಗೆ 65 ಎನ್ನುವುದು 50 ಆಯಿತು. 41ನೆಯ ಸಾಲಿನಿಂದ ಬಾಗಿಲಿಗೆ ಬರಲು ನನಗೆ 17 ನಿಮಿಷ ಹಿಡಿದಿತ್ತು. ಉಳಿದದ್ದು 33. ಇಳಿದ ಜಾಗದಿಂದ ಹ್ಯಾನೋವರ್ ಗೇಟಿಗೆ ಬಿರುಸಾಗಿ ನಡೆದರೂ 14 ನಿಮಿಷ. ಎರಡು ತಪಾಸಣೆಗೆ ಉಳಿದದ್ದು 19 ನಿಮಿಷ. ನಮ್ಮ ಕಸುಬಿನಲ್ಲಿ ಹೊಸ ಹುಡುಗರು ಕಟಿಂಗ್ ಟೈಮ್ ನೋಡಿ ದರ ಹೇಳಿ ಕೈ ಸುಟ್ಟುಕೊಳ್ಳುತ್ತಾರೆ. ಜಾಬ್ ಕಡೆಯಲು ಎರಡು ನಿಮಿಷ ಸಾಕು. ಅದಕ್ಕೆ ಮುಂಚೆ ಜಾಬ್ ಹಿಡಿಯುವ ಚಕ್ ಕಟ್ಟಿ, ಕಡೆಯುವ ಟೂಲ್ ಹಾಕಿ, ಆಫ್‌ಸೆಟ್ ಎಂಬ ಟೂಲಿನ ಅಳತೆ ತೆಗೆಯುವ ಸೆಟ್ಟಿಂಗ್‌ಗೆ ಎರಡು ಗಂಟೆ ಬೇಕು. ಮೂವತ್ತು ವರ್ಷ ಲೇತಿನ ಮುಂದೆ ನಿಂತವನು ನಾನೂ ಅದೇ ತಪ್ಪು ಮಾಡಿದ್ದೆ.

ಆ ದಿನ ಇನ್ನೊಂದು ತಪ್ಪನ್ನು ಮಾಡುವುದರಲ್ಲಿದ್ದೆ. ವಿಮಾನ ನಿಲ್ದಾಣದ ಬುಡದಲ್ಲೇ ದೂರದ ರೈಲುಗಳ ನಿಲ್ದಾಣ ಇದೆ. ರೈಲು ಹಿಡಿದರೆ ಮಧ್ಯಾಹ್ನದೊಳಗೆ ಹ್ಯಾನೋವರ್. ಚೀಟಿ ಕೊಳ್ಳಲು ಹೊರಟವನನ್ನು ಅಕ್ಕನ ಮಗನೇ ಫೋನಿನಲ್ಲಿ ತಡೆದ: ‘ಚಿಕ್ಕಪ್ಪ, ಯಾರಿಗೂ ಹೇಳದೆ ಹೊರಡಬೇಡಿ. ಒಂದು ಹಂತಕ್ಕೆ ಹತ್ತಲಿಲ್ಲವೆಂದರೆ ಅದೇ ಟಿಕೆಟ್ಟಿನ ಮುಂದಿನ ಹಂತಗಳೂ ರದ್ದಾಗಬಹುದು. ವಾಪಸ್ ಬರುವುದು ಹೇಗೆ?’ ಕೌಂಟರಿಗೆ ಹೋದೆ. ಬೆಂಗಳೂರಿನಿಂದ ಹ್ಯಾನೋವರಿನವರೆಗೆ ಒಂದೇ ಟಿಕೆಟ್ ಆಗಿದ್ದರಿಂದ ಹೆಚ್ಚು ಹಣ ಕೇಳದೆ ಸಂಜೆಯ ವಿಮಾನಕ್ಕೆ ಹಾಕಿಕೊಟ್ಟರು. ಎರಡು ಸಾವಿರ ರೂಪಾಯಿ ಉಳಿಯುತ್ತದೆಂದು ಬೇರೆ ಬೇರೆಯಾಗಿ ಎರಡು ಟಿಕೆಟ್ ತೆಗೆದಿದ್ದರೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತಿತ್ತು. ಆ ಮಟ್ಟಿಗೆ ಏಜೆಂಟನಿಗೆ ಕೃತಜ್ಞ.

2025ರಲ್ಲಿ ಮತ್ತೆ ಅದೇ ದಾರಿ. ಮುಂದಿನ ವಿಮಾನ ಹಿಡಿದರೆ ನಡುವೆ ಐದು ಗಂಟೆಗೂ ಹೆಚ್ಚು ಕೂರಬೇಕಿತ್ತು. 70 ನಿಮಿಷದ್ದನ್ನೇ ಆರಿಸಿದೆ. ಅದು ತಪ್ಪಿದರೂ ಅದೇ ದಿನ ಇನ್ನೂ ವಿಮಾನಗಳಿವೆ ಎಂಬುದನ್ನು ನೋಡಿಕೊಂಡೇ ಆರಿಸಿದ್ದು. ದಿನದ ಕೊನೆಯ ವಿಮಾನಕ್ಕೆ ಇಷ್ಟು ಬಿಗಿ ಕಟ್ಟಿಕೊಳ್ಳುವ ಧೈರ್ಯ ನನಗಿಲ್ಲ, ಮದುವೆಗೋ ಪರೀಕ್ಷೆಗೋ ಹೋಗುವವರಿಗೂ ಇರಬಾರದು.

ಈ ಸಲ ಸೆಟ್ಟಿಂಗ್ ಕೆಲಸವೆಲ್ಲ ಮನೆಯಲ್ಲೇ ಆಯಿತು. ಹಣ ಕೊಟ್ಟು ಮುಂದಿನ ಬಾಗಿಲಿಗೆ ಹತ್ತಿರದ, ನಡುದಾರಿಯ ಪಕ್ಕದ ಸೀಟು ಹಿಡಿದೆ. ಹೊಟ್ಟೆ ಉರಿಯಿತು, ಆದರೆ 17 ನಿಮಿಷ ನಾಲ್ಕಕ್ಕೆ ಇಳಿದದ್ದು ಅದರಿಂದಲೇ. ಜಾಬ್‌ಗಳೆಲ್ಲ ದೊಡ್ಡ ಪೆಟ್ಟಿಗೆಯೊಳಗೆ, ಚಟ್ನಿಪುಡಿಯೂ ಅದರಲ್ಲೇ. ಹೊರಡುವ ಗಳಿಗೆಯಲ್ಲಿ ಮನಸ್ಸು ತಡೆಯದೆ ಒಂದೇ ಒಂದು ಹಿತ್ತಾಳೆ ಬುಷ್ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಮಾತ್ರೆ, ಚಾರ್ಜರ್. ಬೆಲ್ಟ್ ಇಲ್ಲದ ಪ್ಯಾಂಟು, ಲೇಸ್ ಇಲ್ಲದ ಬೂಟು. ಹೋಟೆಲ್ ಚೀಟಿ, ಮೇಳದ ಪ್ರವೇಶಪತ್ರ, ವಾಪಸ್ ಟಿಕೆಟ್, ವಿಮೆ ಎಲ್ಲವನ್ನೂ ಕಾಗದದಲ್ಲಿ ಮುದ್ರಿಸಿ ಪಾಸ್‌ಪೋರ್ಟಿನ ಜೊತೆ ಒಂದೇ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟೆ. ‘ಈಗಿನ ಕಾಲದಲ್ಲಿ ಪ್ರಿಂಟ್ ಯಾರು ತೆಗೆಯುತ್ತಾರೆ ಅಪ್ಪಾ’ ಎಂದು ಮಗಳು ನಕ್ಕಳು. ನಗಲಿ.

ನಿಲ್ದಾಣದ ನಕ್ಷೆಯನ್ನೂ ಓದಿಕೊಂಡೆ. ಒಂದನೆಯ ಟರ್ಮಿನಲ್ಲಿನ ಗೇಟುಗಳು ಎ, ಬಿ, ಸಿ, ಝಡ್ ಎಂಬ ಅಕ್ಷರಗಳಲ್ಲಿವೆ. ಎ ಮತ್ತು ಝಡ್ ಒಂದೇ ಕಟ್ಟಡದ ಕೆಳಗಿನ, ಮೇಲಿನ ಅಂತಸ್ತುಗಳು. ಎ ಎಂದರೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿನ ಪ್ರಯಾಣ, ಅಂದರೆ ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲಿನ ಜಾಗ. ಝಡ್ ಎಂದರೆ ಅದರ ಹೊರಗಿನ ದೇಶಗಳಿಗೆ ಹೋಗುವವರದು. ನಾನು ಇಳಿಯುವ ಬಿ ಕಡೆಯಿಂದ ಎ ಕಡೆಗೆ ನೆಲದಡಿಯಲ್ಲಿ ಸುರಂಗವಿದೆ, ಅದರಲ್ಲಿ ಚಲಿಸುವ ಪಟ್ಟಿಗಳಿವೆ. ಇಷ್ಟು ತಲೆಯಲ್ಲಿದ್ದರೆ ಫಲಕದ ಮುಂದೆ ಬಾಯಿ ತೆರೆದು ನಿಲ್ಲುವುದು ತಪ್ಪುತ್ತದೆ.

ವಿಮಾನ ಇಳಿಯಲು ಮುಕ್ಕಾಲು ಗಂಟೆ ಇರುವಾಗಲೇ ಶೌಚಾಲಯಕ್ಕೆ ಹೋಗಿ ಬಂದೆ. ಆಮೇಲೆ ಸಾಲು ಬೆಳೆಯುತ್ತದೆ, ಬೆಲ್ಟ್ ಕಟ್ಟಿಕೊಳ್ಳಿ ಎನ್ನುವ ದೀಪ ಹತ್ತುತ್ತದೆ. ಬಾಟಲಿಯ ನೀರನ್ನು ಕುಡಿದು ಮುಗಿಸಿದೆ. ಗಡಿಯಾರ, ಕೀಲಿ, ಚಿಲ್ಲರೆ ಎಲ್ಲವೂ ಕೈಚೀಲದ ಮೇಲಿನ ಜೇಬಿಗೆ ಹೋದವು, ಬುಷ್ ಕೂಡ. ಚಕ್ರ ನೆಲ ಮುಟ್ಟಿದ ಮೇಲೆ ಮೊಬೈಲ್ ಹಚ್ಚಿದೆ. ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ಗೇಟ್ ಬದಲಾಗಿತ್ತು. ಬೆಂಗಳೂರಿನಲ್ಲಿ ಕೊಟ್ಟ ಬೋರ್ಡಿಂಗ್ ಪಾಸಿನ ಸಂಖ್ಯೆಯನ್ನು ನಂಬಿದ್ದರೆ ಇನ್ನೊಂದು ತುದಿಗೆ ಹೋಗುತ್ತಿದ್ದೆ.

ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿತು. ಹಾಸನದ ಕಡೆಯ ದಂಪತಿ, ಇಬ್ಬರಿಗೂ ಎಪ್ಪತ್ತರ ಹತ್ತಿರ. ವಿಮಾನದಲ್ಲಿ ಊಟದ ಹೊತ್ತಿಗೆ ಮಾತಾಡಿಸಿದ್ದೆ. ‘ಸ್ವಲ್ಪ ನಿಧಾನವಾಗಿ ಹೋಗಪ್ಪಾ, ನಿನ್ನ ಹಿಂದೆಯೇ ಬರುತ್ತೇವೆ’ ಎಂದರು ಆ ತಾಯಿ. ಯಜಮಾನರಿಗೆ ಮೊಣಕಾಲು ನೋವು. ಅವರ ಪಾಸ್ ಇಸಿದುಕೊಂಡು ನೋಡಿದೆ: ಷಿಕಾಗೋ, ಗೇಟ್ ಝಡ್, ಇನ್ನೂ ಮೂರು ಗಂಟೆ ಇದೆ. ‘ಅಮ್ಮಾ, ನೀವು ನನ್ನ ಹಿಂದೆ ಬರಲೇಬಾರದು. ನಾನು ಜರ್ಮನಿಯ ಒಳಕ್ಕೆ ಹೋಗುವವನು, ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲಬೇಕು. ನಿಮಗೆ ಆ ಸಾಲೇ ಇಲ್ಲ. ಝಡ್ ಎಂದು ಬರೆದ ಫಲಕವನ್ನೇ ಹಿಡಿದು ಹೋಗಿ’ ಎಂದೆ. ಗಾಲಿಕುರ್ಚಿ ಕೇಳಿದ್ದರೇ ಎಂದು ವಿಚಾರಿಸಿದರೆ, ‘ನಾಚಿಕೆ ಎಂದು ಇವರು ಬೇಡ ಅಂದರು’ ಎಂದರು. ಎರಡು ದಿನ ಮುಂಚೆ ತಿಳಿಸಿದ್ದರೆ ಬಾಗಿಲಲ್ಲೇ ಜನ ಕಾಯುತ್ತಿದ್ದರು, ದುಡ್ಡೂ ಇಲ್ಲ. ಅಲ್ಲಿದ್ದ ಸಿಬ್ಬಂದಿಯೊಬ್ಬರಿಗೆ ಅವರನ್ನು ತೋರಿಸಿ ಹೊರಟೆ. ಎರಡು ನಿಮಿಷ ಹೋಯಿತು, ಹೋಗಲಿ.

ಗುಂಪಿನ ಹಿಂದೆ ಹೋಗುವುದು ನಮ್ಮವರ ದೊಡ್ಡ ರೋಗ. ಗುಂಪಿನಲ್ಲಿ ಅರ್ಧ ಜನ ಸಾಮಾನು ತೆಗೆದುಕೊಂಡು ಹೊರಗೆ ಹೋಗುವವರು. ನಾನು ಎ ಅಕ್ಷರದ ಬೆನ್ನು ಹತ್ತಿದೆ. ತಪಾಸಣೆಯ ಸಾಲಿನ ಬುಡದಲ್ಲಿ ನಿಂತಿದ್ದ ಸಿಬ್ಬಂದಿಗೆ ಪಾಸ್ ತೋರಿಸಿ ಗೇಟ್ ಮುಚ್ಚುವ ಹೊತ್ತನ್ನು ಬೆರಳಿನಿಂದ ಮುಟ್ಟಿದೆ. ಆಕೆ ಪಕ್ಕದ ಚಿಕ್ಕ ಸಾಲಿಗೆ ಕಳಿಸಿದಳು. ಕೇಳದಿದ್ದರೆ ಕಳಿಸುತ್ತಿರಲಿಲ್ಲ. ಕೇಳಲು ಸಂಕೋಚಪಟ್ಟು ಎಷ್ಟೋ ಜನ ಉದ್ದದ ಸಾಲಿನಲ್ಲೇ ಗಡಿಯಾರ ನೋಡುತ್ತಾ ನಿಂತಿದ್ದರು. ಚೀಲ ಒಂದೇ ಸಲಕ್ಕೆ ದಾಟಿತು, ಬುಷ್ ಚಿಲ್ಲರೆಯ ಜೊತೆ ಚಿಲ್ಲರೆಯಂತೆಯೇ ಹೋಯಿತು. ತಪಾಸಣೆಗೆ ಎಂಟು ನಿಮಿಷ. ಪಾಸ್‌ಪೋರ್ಟಿನ ಸಾಲಿಗೆ ಒಂಬತ್ತು. ಅಧಿಕಾರಿ ‘ಏಕೆ ಬಂದಿರಿ’ ಎನ್ನುವಷ್ಟರಲ್ಲಿ ಲಕೋಟೆ ಮುಂದಿಟ್ಟಿದ್ದೆ. ಮುದ್ರೆ ಬಿತ್ತು.

ಅದು ಸೆಪ್ಟೆಂಬರಿನ ಮಾತು. ಅದೇ ವರ್ಷ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಮುಖದ ಚಿತ್ರ, ಬೆರಳಚ್ಚುಗಳನ್ನು ಆಧರಿಸಿದ ಗಣಕೀಕೃತ ನೋಂದಣಿ ಹಂತಹಂತವಾಗಿ ಶುರುವಾಯಿತು. ಈಗ ಮೊದಲ ಸಲ ಹೋಗುವವರು ನನ್ನನ್ನು ಕೇಳಿದರೆ ಎರಡು ಗಂಟೆಗೆ ಕಡಿಮೆ ಬೇಡ ಎನ್ನುತ್ತೇನೆ.

ಸುರಂಗ, ಚಲಿಸುವ ಪಟ್ಟಿ, ಲಿಫ್ಟ್. ಗೇಟ್ ಮುಚ್ಚಲು ಮೂರು ನಿಮಿಷ ಇರುವಾಗ ತಲುಪಿದೆ. ಈ ಸಲವೂ ಬಸ್ಸಿನ ಗೇಟ್. ಬಸ್ಸಿನೊಳಗೆ ನಿಂತು ಕಂಬ ಹಿಡಿದುಕೊಂಡಾಗ ಕೈ ನಡುಗುತ್ತಿತ್ತು.

ಹ್ಯಾನೋವರಿನಲ್ಲಿ ಇಳಿದು ಸಾಮಾನಿನ ಪಟ್ಟಿಯ ಮುಂದೆ ನಿಂತೆ. ಯುರೋಪಿನಲ್ಲಿ ಹೀಗೆ ಮುಂದಕ್ಕೆ ಹೋಗುವ ಪೆಟ್ಟಿಗೆಯನ್ನು ನಡುವೆ ತೆಗೆಯಬೇಕಿಲ್ಲ, ಅದರ ಕಸ್ಟಮ್ಸ್ ಕೊನೆಯ ನಿಲ್ದಾಣದಲ್ಲೇ. ಭಾರತಕ್ಕೆ ಮರಳುವಾಗ ಹಾಗಲ್ಲ. ಹುಬ್ಬಳ್ಳಿಯ ಗೆಳೆಯರೊಬ್ಬರು ಮುಂಬೈ ಮೂಲಕ ವಾಪಸಾಗುವಾಗ ಪೆಟ್ಟಿಗೆ ತಾನೇ ಬರುತ್ತದೆಂದು ನಂಬಿ ಕೈಬೀಸಿಕೊಂಡು ನಡೆದಿದ್ದರು. ಮುಂಬೈಯಲ್ಲಿ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕಿತ್ತು. ಇರಲಿ. ಪಟ್ಟಿ ತಿರುಗಿತು, ಎಲ್ಲರ ಪೆಟ್ಟಿಗೆಯೂ ಬಂತು, ಪಟ್ಟಿ ನಿಂತಿತು. ನನ್ನದು ಬರಲಿಲ್ಲ.

ನಾನು ದಾಟಿದ ಆ ಸಂದಿಯಲ್ಲಿ ಪೆಟ್ಟಿಗೆಗೆ ದಾಟಲು ಆಗಿರಲಿಲ್ಲ. ಪೆಟ್ಟಿಗೆಗೆ ಮುಂದಿನ ಸಾಲಿನ ಸೀಟು ಇರುವುದಿಲ್ಲವಲ್ಲ. ನಿಲ್ದಾಣ ಬಿಡುವ ಮುಂಚೆಯೇ ಕೌಂಟರಿಗೆ ಹೋಗಿ, ಬೋರ್ಡಿಂಗ್ ಪಾಸಿಗೆ ಅಂಟಿಸಿದ್ದ ಚೀಟಿಯ ಸಂಖ್ಯೆ ತೋರಿಸಿ ದೂರು ಬರೆಸಿದೆ, ಹೋಟೆಲಿನ ವಿಳಾಸ ಕೊಟ್ಟೆ. ಅದು ಫ್ರಾಂಕ್‌ಫರ್ಟಿನಲ್ಲೇ ಇದೆ, ನಾಳೆ ತಲುಪಿಸುತ್ತೇವೆ ಎಂದರು. ಅಕ್ಕನ ಮಗ ಹೊರಗೆ ಕಾಯುತ್ತಿದ್ದ. ‘ಚಿಕ್ಕಪ್ಪ, ಚಟ್ನಿಪುಡಿ?’ ಎಂದ.

ಮರುದಿನ ಬೆಳಗ್ಗೆ ಮೇಳದಲ್ಲಿ ಜರ್ಮನ್ ಗಿರಾಕಿಯ ಮೇಜಿನ ಮೇಲೆ ಹನ್ನೆರಡರ ಬದಲು ಒಂದೇ ಬುಷ್ ಇಟ್ಟೆ. ಆತ ಮೈಕ್ರೋಮೀಟರ್ ತೆಗೆದು ಅಳೆದ, ತಿರುಗಿಸಿ ಮತ್ತೆ ಅಳೆದ, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡ. ಪೆಟ್ಟಿಗೆ ರಾತ್ರಿ ಹತ್ತಕ್ಕೆ ಹೋಟೆಲಿಗೆ ಬಂತು.