ಕಾರ್ ಶೆಡ್ಡಿನ ತೊಲೆಯ ಮೇಲಿನ ಸುಣ್ಣದ ಗುರುತು

ನಮ್ಮ ಕಾರ್ ಶೆಡ್ಡಿನ ಎರಡನೇ ಅಡ್ಡತೊಲೆಯಲ್ಲಿ ಅಂಗೈಯಗಲದ ಒಂದು ಬಿಳಿ ಕಲೆ ಇದೆ. ಮನೆಗೆ ಬಂದವರು ಅದನ್ನು ಬಾವಲಿಯ ಲೆಕ್ಕಕ್ಕೆ ಬರೆಯುತ್ತಾರೆ. ಅದು ನಾನೇ ಬಳಿದ ಸುಣ್ಣ. ಗಾಲ್ಫ್ ಕೋಲು ಬೀಸಿದರೆ ಎಲ್ಲಿ ತಾಗುತ್ತದೆ ಎಂದು ನೋಡಲು ಹೋದಾಗ ಬಿದ್ದ ಗುರುತು.

ತೀರ್ಥಹಳ್ಳಿ ಕಡೆಯ ಅಡಕೆ ತೋಟದ ಮನೆಗೂ ಗಾಲ್ಫಿಗೂ ಎಂತ ಸಂಬಂಧ ಅಂತ ಕೇಳುವವರೇ ಹೆಚ್ಚು. ಹನ್ನೊಂದು ವರ್ಷ ನಾನು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದೆ. ಅಲ್ಲಿ ಪ್ಲಾಂಟರುಗಳ ಸಹವಾಸದಿಂದ ಹತ್ತಿದ ಚಟ ಇದು. ಅಪ್ಪನಿಗೆ ಮಂಡಿ ಸೋತ ಮೇಲೆ ಊರಿಗೆ ವಾಪಸು ಬಂದೆ. ಇಲ್ಲಿಂದ ಅಲ್ಲಿನ ಗಾಲ್ಫ್ ಮೈದಾನಕ್ಕೆ ಹೋಗಬೇಕೆಂದರೆ ಕೊಪ್ಪ ದಾಟಿ ಘಟ್ಟದ ತಿರುವುಗಳಲ್ಲಿ ನೂರರ ಆಸುಪಾಸು ಕಿಲೋಮೀಟರ್. ಕೊಯ್ಲಾದ ಗದ್ದೆಯಲ್ಲಿ ಒಂದೆರಡು ಬೇಸಿಗೆ ಹೊಡೆದು ನೋಡಿದೆ. ಅರ್ಧ ಚೆಂಡು ಹಳ್ಳಕ್ಕೆ, ಇನ್ನರ್ಧ ಪಕ್ಕದ ಮನೆಯ ನಾಯಿಯ ಬಾಯಿಗೆ. ಜೂನ್ ಬಂತೆಂದರೆ ಅದೂ ಇಲ್ಲ, ನಾಲ್ಕು ತಿಂಗಳು ಚೀಲ ಅಟ್ಟದ ಮೇಲೆ.

2021ರ ಆಗಸ್ಟ್ 7, ಶನಿವಾರ. ಬೆಳಗಿನಿಂದ ಜಡಿಮಳೆ, ಕರೆಂಟಿಲ್ಲ. ಜಗಲಿಯ ಒಂದೇ ಮೂಲೆಯಲ್ಲಿ ಸಿಗುವ ಸಿಗ್ನಲ್ಲಿನಲ್ಲಿ ಫೋನ್ ಹಿಡಿದು ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ಗಾಲ್ಫ್ ಕೊನೆಯ ಸುತ್ತು ನೋಡುತ್ತಿದ್ದೆ. ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದರು. ಗಾಲ್ಫ್ ಅಂದರೆ ದೊಡ್ಡವರ ಸೋಮಾರಿತನ ಎನ್ನುತ್ತಿದ್ದ ನಮ್ಮಮ್ಮ ಕೂಡ ಪಕ್ಕದಲ್ಲಿ ಕೂತು, "ಆ ಹುಡುಗಿ ಸಣ್ಣದಾಗಿ ತಳ್ತದಲ್ಲ, ಅದು ಚಂದ" ಅಂದರು. ಆ ಮಾತು ಎಷ್ಟು ಸರಿ ಎಂದು ಗೊತ್ತಾಗಲು ನನಗೆ ಒಂದು ವರ್ಷ, ಸುಮಾರು 14,000 ರೂಪಾಯಿ, ಜೊತೆಗೆ ಒಂದು ಗಾಜಿನ ಹೆಂಚು ಖರ್ಚಾಯಿತು.

ಮಳೆಗಾಲದಲ್ಲಿ ಶೆಡ್ಡಿನೊಳಗೇ ಆಡೋಣ ಎಂದು ಮರುವಾರವೇ ಅದನ್ನು ಅಳೆಯಲು ನಿಂತೆ. 20 ಅಡಿ ಉದ್ದ, 12 ಅಡಿ ಅಗಲ, ಮಂಗಳೂರು ಹೆಂಚಿನ ಮಾಡು. ಗೋಡೆಯ ಹತ್ತಿರ 8 ಅಡಿ, ಮಾಡಿನ ನೆತ್ತಿಯಲ್ಲಿ ಹನ್ನೆರಡಕ್ಕೂ ಮೇಲೆ. ಮನೆಯೊಳಗೆ ಕೋಲು ಬೀಸಲು 9 ಅಡಿಯಾದರೂ ಬೇಕು, 10 ಇದ್ದರೆ ನೆಮ್ಮದಿ ಎನ್ನುವುದು ರೂಢಿಯ ಮಾತು. ನೆತ್ತಿಯ ಕೆಳಗೆ, ಉದ್ದಕ್ಕೆ ಮುಖ ಮಾಡಿ ನಿಂತರೆ ಆಯಿತಲ್ಲ ಎಂದು ಹಿಗ್ಗಿದೆ. ಆರಾರು ಅಡಿಗೊಂದು ಅಡ್ಡತೊಲೆ ಎಂಟೂವರೆ ಅಡಿಯಲ್ಲೇ ಹಾದಿರುವುದು ದಿನಾ ಕಣ್ಣೆದುರೇ ಇದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ. ಟೇಪು ಹಿಡಿದಾಗ ನಾವು ನೆಲ ನೋಡುತ್ತೇವೆ, ಗೋಡೆ ನೋಡುತ್ತೇವೆ. ಮೇಲೆ ನೋಡುವುದು ಕೊನೆಗೆ.

ಡ್ರೈವರ್ ಎಂಬ ಉದ್ದನೆಯ ಕೋಲು ಸಾಧಾರಣವಾಗಿ 45 ಇಂಚು ಇರುತ್ತದೆ. ಕೈಯೆತ್ತಿ ಅದನ್ನು ನೆಟ್ಟಗೆ ಹಿಡಿದು ಎತ್ತರ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ, ಏಕೆಂದರೆ ಕೋಲು ತಲೆಯ ಮೇಲೆ ನೆಟ್ಟಗೆ ಹೋಗುವುದಿಲ್ಲ, ವಾರೆಯಾಗಿ ಹೆಗಲ ಹಿಂದಿನಿಂದ ಸುತ್ತುತ್ತದೆ. ನಾನು ಮಾಡಿದ್ದು ಇಷ್ಟು: ಪ್ರತಿ ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಲೆ ತಟ್ಟೆಯ ಸುಣ್ಣಕ್ಕೆ ಅದ್ದಿ, ಚೆಂಡಿಲ್ಲದೆ ಬಹಳ ನಿಧಾನ ಬೀಸಿದೆ. ಎಲ್ಲಿ ತಾಗಿತೋ ಅಲ್ಲಿ ಬಿಳಿ. ಏಳನೇ ನಂಬರಿನ ಐರನ್ ಎಂಬ, ಡ್ರೈವರಿಗಿಂತ ಗಿಡ್ಡನೆಯ ಕೋಲು ಎರಡು ತೊಲೆಗಳ ನಡುವೆ ಸಲೀಸಾಗಿ ಸುತ್ತಿತು. ಡ್ರೈವರ್ ಮುಂದಿನ ತೊಲೆಗೆ ಮುತ್ತಿಟ್ಟಿತು, ಅದೂ ಹೊಡೆದಾದ ಮೇಲೆ ಕೋಲು ಮೇಲೇರುವಾಗ. ಹೊಸದಾಗಿ ಮಾಡುವವರು ಎತ್ತುವ ಕಡೆ ಮಾತ್ರ ನೋಡುತ್ತಾರೆ. ಹೊಡೆದ ಮೇಲಿನ ಓಟವನ್ನೂ ನೋಡಿ. ಜೋರಾಗಿ ಬೀಸುವಾಗ ತೋಳು ಇನ್ನಷ್ಟು ಚಾಚುವುದರಿಂದ ಸುಣ್ಣದ ಗುರುತಿಗೂ ಕೋಲಿಗೂ ನಡುವೆ ಅರ್ಧ ಅಡಿ ಬಿಟ್ಟುಕೊಳ್ಳಿ.

ತೊಲೆ ಕೊಯ್ದುಬಿಡೋಣ ಎಂದು ಆಚಾರ್ರನ್ನು ಕರೆಸಿದೆ. ಅವರು ಮೇಲೆ ನೋಡಿದರು, ನನ್ನ ಮುಖ ನೋಡಿದರು.

"ಗೌಡ್ರೇ, ಇದು ಅಂದಕ್ಕೆ ಹಾಕಿದ್ದಲ್ಲ. ಇದನ್ನ ತೆಗೆದ್ರೆ ಮಾಡಿನ ಭಾರಕ್ಕೆ ಗೋಡೆ ಹೊರಗೆ ಬಾಗ್ತದೆ. ಆಮೇಲೆ ನಿಮ್ಗೆ ಆಡೋಕೆ ಜಾಗ ಬೇಕಾದಷ್ಟು ಆಗ್ತದೆ, ಮೇಲೆ ಆಕಾಶ."

ಹಾಗಾಗಿ ಶೆಡ್ಡಿನಲ್ಲಿ ಡ್ರೈವರ್ ಇಲ್ಲ. ತೊಲೆಗಳ ನಡುವೆ ನಿಲ್ಲುವ ಜಾಗಕ್ಕೆ ಎರಡು ಪಾದದ ಗುರುತು ಕೆಂಪು ಬಣ್ಣದಲ್ಲಿ ಬರೆದೆ. ಅದರ ಆಚೀಚೆ ಯಾರೂ ಬೀಸುವಂತಿಲ್ಲ. ಸೋದರಳಿಯ ಬಂದರೆ ಮೊದಲ ಪಾಠ ಅದೇ.

ಹೊಡೆದ ಚೆಂಡು ತಡೆಯುವ ಬಲೆಯ ವಿಷಯದಲ್ಲಿ ನನ್ನ ಜಿಪುಣತನ ನನಗೇ ತಿರುಗಿ ಬಡಿಯಿತು. ಶಿವಮೊಗ್ಗದಿಂದ ಕ್ರಿಕೆಟ್ ಪ್ರಾಕ್ಟೀಸಿನ ನೆಟ್ ತಂದೆ, ಅಗ್ಗವಾಗಿತ್ತು. ಕ್ರಿಕೆಟ್ ಚೆಂಡಿನ ಅಡ್ಡಳತೆ 7 ಸೆಂ.ಮೀ.ಗೂ ಹೆಚ್ಚು. ಗಾಲ್ಫ್ ಚೆಂಡು ನಿಯಮದ ಪ್ರಕಾರ 42.67 ಮಿ.ಮೀ.ಗಿಂತ ಚಿಕ್ಕದಿರಬಾರದು, ಮಾರುವವರು ಆ ಅಂಚಿನಲ್ಲೇ ಮಾಡುತ್ತಾರೆ. ನಾನು ತಂದ ಬಲೆಯ ಕಣ್ಣು ಸುಮಾರು 45 ಮಿ.ಮೀ. ಮೊದಲ ಚೆಂಡು ಬಲೆ ಇದೆಯೋ ಇಲ್ಲವೋ ಎಂಬಂತೆ ಹಾದುಹೋಗಿ ಗೋಡೆಗೆ ಬಡಿದು ನನ್ನ ಕಾಲ ಪಕ್ಕದಲ್ಲೇ ವಾಪಸು ಬಂತು. ನನ್ನಂಥ ಹವ್ಯಾಸಿ ಐರನ್‌ನಲ್ಲಿ ಹೊಡೆದರೂ ಚೆಂಡು ಗಂಟೆಗೆ 150 ಕಿಲೋಮೀಟರ್ ದಾಟಬಹುದು. ಅದು ಮೊಣಕಾಲಿಗೆ ಬಿದ್ದಿದ್ದರೆ ಅಪ್ಪನ ಜೊತೆ ನಾನೂ ಕೋಲು ಹಿಡಿಯಬೇಕಿತ್ತು. ಆಮೇಲೆ ತರಿಸಿದ್ದು ಗಾಲ್ಫಿಗೆಂದೇ ಮಾಡಿದ, 25 ಮಿ.ಮೀ. ಕಣ್ಣಿನ, ಗಂಟಿಲ್ಲದ ನೈಲಾನ್ ಬಲೆ. ಕ್ರಿಕೆಟ್ ನೆಟ್ ಈಗ ಹೀರೆ ಬಳ್ಳಿಗೆ ಚಪ್ಪರ.

ಎರಡನೇ ತಪ್ಪು, ಹೊಸ ಬಲೆಯನ್ನು ಚಂದ ಕಾಣಲೆಂದು ನಾಲ್ಕೂ ಕಡೆ ಬಿಗಿದು ಕಟ್ಟಿದ್ದು. ಬಿಗಿದ ಬಲೆ ಚೆಂಡನ್ನು ಹಿಡಿಯುವುದಿಲ್ಲ, ಒದೆಯುತ್ತದೆ. ಕ್ಯಾಚ್ ಹಿಡಿಯುವವನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನಲ್ಲ, ಬಲೆಯೂ ಹಾಗೆ ಹಿಂದೆ ಹೋಗಬೇಕು. ಈಗ ಅದು ಮೇಲಿನ ತಂತಿಯಿಂದ ಪರದೆಯ ಹಾಗೆ ಸಡಿಲ ನೇತಾಡುತ್ತದೆ, ಕೆಳಗೆ ಒಂದಡಿ ನೆಲದ ಮೇಲೆ ಬಿದ್ದಿದೆ, ಹಿಂದಿನ ಗೋಡೆಗೆ ಎರಡಡಿ ಜಾಗವಿದೆ. ಬಲೆಯ ಹಿಂದೆ, ಚೆಂಡು ಹೆಚ್ಚು ಬೀಳುವ ಕಡೆ, ಅಜ್ಜ ಮಳೆಗೆ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಕರಿ ಕಂಬಳಿ ಇಳಿಬಿಟ್ಟಿದ್ದೇನೆ. ಅಂಗಡಿಯಲ್ಲಿ ಮಾರುವ ಯಾವ ದುಬಾರಿ ಪರದೆಗೂ ಅದು ಕಡಿಮೆಯಲ್ಲ. ಚೆಂಡು ದೊಪ್ ಎಂದು ಸತ್ತು ಬೀಳುತ್ತದೆ. ಸದ್ದು ತಗ್ಗಿತು, ಒಳಗೆ ಮಲಗಿದ ಅಪ್ಪನ ಬೈಗುಳವೂ ತಗ್ಗಿತು.

ಬಲೆ ಕಟ್ಟಿದ ಪೈಪುಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಕೋಲಿನ ಮುಖಕ್ಕೆ ಸಿಗದೆ ಹಿಡಿಕೆ ಕೂಡುವ ಕುತ್ತಿಗೆಗೆ ತಾಗಿದ ಚೆಂಡು ಬಲಕ್ಕೆ ಸಿಡಿಯುತ್ತದೆ. ಅಂಥದ್ದೊಂದು ಕಬ್ಬಿಣದ ಪೈಪಿಗೆ ಬಡಿದು ಮೇಲೆ ಹಾರಿ ಬೆಳಕಿಗೆಂದು ಹಾಕಿದ್ದ ಗಾಜಿನ ಹೆಂಚು ಒಡೆಯಿತು. ಜುಲೈ ತಿಂಗಳು. ಪಾಚಿ ಹಿಡಿದ ಮಾಡು ಹತ್ತಲು ಯಾರೂ ಒಪ್ಪಲಿಲ್ಲ. ಹದಿನೈದು ದಿನ ಆ ತೂತಿನಡಿ ಹಂಡೆ ಇಟ್ಟುಕೊಂಡು ಆಡಿದೆ. "ಒಳಗೆ ಆಡೋದು ಅಂತ ಶುರು ಮಾಡಿದ್ರಿ, ಈಗ ಒಳಗೂ ಮಳೆ" ಎಂದು ನಮ್ಮನೆಯವಳು ಎಲ್ಲರೆದುರು ಹೇಳಿದ್ದು ಆಗಲೇ. ಈಗ ಪೈಪುಗಳಿಗೆಲ್ಲ ಏಸಿ ರಿಪೇರಿಯವರು ತಾಮ್ರದ ಪೈಪಿಗೆ ಹಾಕುವ ಕಪ್ಪು ಸ್ಪಂಜಿನ ತೋಳು ತೊಡಿಸಿದೆ. ತಲೆಯ ಮೇಲೆ ನರ್ಸರಿಗೆ ತಂದು ಉಳಿದಿದ್ದ ಹಸಿರು ಶೇಡ್ ನೆಟ್ಟನ್ನು ಎರಡು ಮಡಿಕೆ ಮಾಡಿ ತೊಲೆಯಿಂದ ಬಲೆಯವರೆಗೆ ಎಳೆದಿದ್ದೇನೆ. ವೆಡ್ಜ್ ಎಂಬ, ಚೆಂಡನ್ನು ಮೇಲಕ್ಕೆ ಹಾರಿಸುವ ಕೋಲಿನಿಂದ ಎತ್ತಿದ ಚೆಂಡು ಹೆಂಚು ಮುಟ್ಟುವ ಮೊದಲೇ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ನಿಲ್ಲುವ ನೆಲ ಸಿಮೆಂಟಿನದು. ಅದರ ಮೇಲೆ ತೆಳು ಹುಲ್ಲುಹಾಸು ಹಾಸಿ ಒಂದು ತಿಂಗಳು ಹೊಡೆದೆ. ಮೊಣಕೈಯ ಒಳಬದಿಗೆ ನೋವು ಶುರುವಾಗಿ ಕಾಫಿ ಲೋಟ ಎತ್ತಲಾಗಲಿಲ್ಲ. ಮೈದಾನದಲ್ಲಿ ಕೋಲು ಮಣ್ಣು ಸೀಳಿಕೊಂಡು ಮುಂದೆ ಹೋಗುತ್ತದೆ. ಸಿಮೆಂಟು ಸೀಳುವುದಿಲ್ಲ, ಆ ಏಟೆಲ್ಲ ಕೈಗೇ ಬರುತ್ತದೆ. ಆರು ವಾರ ಬಿಡುವು. ಆಮೇಲೆ ಕೊಟ್ಟಿಗೆಯಲ್ಲಿ ದನಗಳ ಮಂಡಿಗೆಂದು ಹಾಸುವ ದಪ್ಪ ರಬ್ಬರ್ ಮ್ಯಾಟ್ ಎರಡು ತಂದೆ. ನಿಲ್ಲಲು ಒಂದು, ಚೆಂಡಿಗೆ ಒಂದು. ಚೆಂಡಿನ ಜಾಗದಲ್ಲಿ ಅದರ ಮೇಲೆ ತೆಂಗಿನ ನಾರಿನ ಕಾಲೊರಸು. ನಾರು ಕೋಲಿಗೆ ಸ್ವಲ್ಪ ದಾರಿ ಬಿಡುತ್ತದೆ. ಚೆಂಡು ಕೂತ ಮಟ್ಟ ಪಾದದ ಮಟ್ಟಕ್ಕಿಂತ ಮೇಲಾಗದ ಹಾಗೆ ನಿಲ್ಲುವ ಕಡೆಯೂ ಒಂದು ಪದರ ಏರಿಸಿದೆ, ಇಲ್ಲದಿದ್ದರೆ ಗೊತ್ತಿಲ್ಲದೆ ತಪ್ಪು ಅಭ್ಯಾಸವಾಗುತ್ತದೆ. ಚೆಂಡನ್ನು ಎತ್ತರಿಸಿ ಇಡಬೇಕಾದಾಗ, ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪಿನ ಹಳೇ ಪೈಪಿನ ಒಂದೂವರೆ ಇಂಚಿನ ತುಂಡು ಸಾಕು. ನೋವಿದ್ದರೆ ಮಾತ್ರ ಮ್ಯಾಟಿನ ಮೇಲೆ ಭರವಸೆ ಇಡದೆ ಡಾಕ್ಟರಿಗೆ ತೋರಿಸಿ, ನಾನು ತಡ ಮಾಡಿದೆ.

ಬಲೆಗೆ ಹೊಡೆಯುವುದರಲ್ಲಿ ಒಂದು ಮೋಸವಿದೆ. ಪ್ರತಿ ಹೊಡೆತವೂ ಒಳ್ಳೆಯದೆನಿಸುತ್ತದೆ. ಬಲಕ್ಕೆ ತಿರುಗಿ ಕಾಡಿಗೆ ಹೋಗಬೇಕಾದ ಚೆಂಡು ಹತ್ತಡಿಯಲ್ಲಿ ಕಂಬಳಿಗೆ ಬಿದ್ದು ಸುಮ್ಮನಾಗುತ್ತದೆ. ಚೆಂಡಿನ ವೇಗ, ಕೋನ ಹೇಳುವ ರಾಡಾರ್ ಯಂತ್ರವೊಂದನ್ನು ಗೆಳೆಯರು ತಂದಿಟ್ಟು ನೋಡಿದರು. ಆ ಬಗೆಯದಕ್ಕೆ ಚೆಂಡಿನ ಹಿಂದೆ ಏಳೆಂಟು ಅಡಿ, ಮುಂದೆಯೂ ಅಷ್ಟೇ ಹಾರಾಟ ಬೇಕು. ಬಲೆಯ ಹಿಂದಿನ ಜಾಗ ಕಳೆದರೆ ನನ್ನ 20 ಅಡಿಯಲ್ಲಿ ಅದು ಎಳೆದಾಡಿಕೊಂಡು ಕೂರುವ ಸ್ಥಿತಿ. ಚೆಂಡಿನ ಪಕ್ಕದಲ್ಲೇ ಇಡುವ ಕ್ಯಾಮೆರಾದ ಯಂತ್ರ ಹಿಡಿಯುತ್ತದೆ, ಅದರ ಬೆಲೆ ನಮ್ಮ ತೋಟಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಕೋಲಿನ ಮುಖಕ್ಕೆ ಟಾಲ್ಕಂ ಪೌಡರ್ ಹಚ್ಚುತ್ತೇನೆ. ಹೊಡೆದ ಮೇಲೆ ಚೆಂಡಿನ ಗುರುತು ನಡುವೆ ಬಿತ್ತೋ ತುದಿಗೆ ಬಿತ್ತೋ ಎದ್ದು ಕಾಣುತ್ತದೆ. ನೂರು ಚೆಂಡಿಗಿಂತ ಪೌಡರ್ ಹಚ್ಚಿ ಹೊಡೆದ ಇಪ್ಪತ್ತು ಚೆಂಡು ಮೇಲು.

ಜೊತೆಗೆ ಫೋನಿನ ಸ್ಲೋ ಮೋಷನ್, ಸೆಕೆಂಡಿಗೆ 240 ಚಿತ್ರ. ಮೊದಲ ವಿಡಿಯೋದಲ್ಲಿ ನಾನು ದೆವ್ವದ ನಾಟಕದಲ್ಲಿದ್ದಂತೆ ಬೆಳಗಿ, ನಂದಿ, ಬೆಳಗುತ್ತಿದ್ದೆ. ಫೋನ್ ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ್ದು ಆ ಕ್ಯಾಮೆರಾಗೆ ಕಾಣುತ್ತದೆ. 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಹಾಕಿದ ಮೇಲೆ ಮಿನುಗು ಹೋಯಿತು. ನಮ್ಮಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಏನನ್ನೂ ಕಟ್ಟಬಾರದು ಎನ್ನುವುದಕ್ಕೂ ಅದು ಉತ್ತರವಾಯಿತು.

ಶೀತದ ಕತೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಿಡಿಕೆಗೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು, ಚೀಲದ ಜಿಪ್ಪು ಕಚ್ಚಿಕೊಂಡಿತು. ಕೋಲುಗಳನ್ನು ಒರೆಸಿ, ತುಸು ತೆಂಗಿನೆಣ್ಣೆ ಸವರಿ, ಬಚ್ಚಲ ಒಲೆಯ ಆಚೆಗಿನ ಗೋಡೆಗೆ, ಬೆಂಕಿಯ ಬಿಸಿ ನೇರ ತಾಗದಷ್ಟು ದೂರದಲ್ಲಿ ತೂಗುಹಾಕುತ್ತೇನೆ. ಹೊಗೆವಾಸನೆ ಬರುತ್ತದೆ, ಬರಲಿ.

ಇಷ್ಟೆಲ್ಲ ಮಾಡಿ ಒಂದು ಮಳೆಗಾಲ ಕಳೆದಾಗ ಗಮನಿಸಿದೆ: ಹೆಚ್ಚು ಹೊತ್ತು ಕಳೆದದ್ದು ಬಲೆಯ ಮುಂದಲ್ಲ, ಪಕ್ಕದಲ್ಲಿ ಸುಮ್ಮನೆ ಹಾಸಿದ್ದ ಹದಿನಾಲ್ಕು ಅಡಿಯ ಕಾರ್ಪೆಟ್ಟಿನ ಮೇಲೆ. 18 ಕುಳಿ, 72 ಹೊಡೆತಗಳ ಮೈದಾನದಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತ ಪಟ್ಟಿಂಗಿನದ್ದೇ, ಅಂದರೆ ಚೆಂಡನ್ನು ನೆಲದ ಮೇಲೆ ಕುಳಿಗೆ ತಳ್ಳುವುದರದ್ದೇ ಎಂದು ಲೆಕ್ಕ. ಅದಕ್ಕೆ ಎತ್ತರ ಬೇಡ, ಬಲೆ ಬೇಡ, ತೊಲೆಯ ಹಂಗಿಲ್ಲ. ಚೆಂಡು ಎಲ್ಲಿ ಹೋಯಿತೆಂದು ಸುಳ್ಳು ಹೇಳುವವರೂ ಯಾರಿಲ್ಲ. ಒಲಿಂಪಿಕ್ಸಿನಲ್ಲಿ ಅದಿತಿ ದೂರ ಹೊಡೆಯುವುದರಲ್ಲಿ ಬಹಳ ಹಿಂದಿದ್ದರೂ ಪದಕದ ಹತ್ತಿರ ಬಂದದ್ದು ಈ ಸಣ್ಣ ತಳ್ಳಾಟದಿಂದ. ಅಮ್ಮ ಅದನ್ನು ಮೊದಲ ದಿನವೇ ನೋಡಿದ್ದರು.

ಕಾರ್ಪೆಟ್ಟಿನ ಮೇಲೆ ಚೆಂಡು ಯಾವಾಗಲೂ ಬಾಗಿಲ ಕಡೆಗೇ ವಾಲುತ್ತಿತ್ತು. ರಸಮಟ್ಟ ಇಟ್ಟರೆ ನೆಲ ಇಳಿಜಾರು. ಕಾರು ತೊಳೆದ ನೀರು ಹೊರಗೆ ಹೋಗಲಿ ಎಂದು ಮೇಸ್ತ್ರಿ ಹಾಗೆ ಮಾಡಿದ್ದು. ಮಟ್ಟ ಮಾಡಿಸಲು ಹೊರಟವನು ಕೈಬಿಟ್ಟೆ. ಕಾರ್ಪೆಟ್ಟನ್ನು ತಿರುಗಿಸಿದರೆ ಏರು, ಇಳಿಜಾರು, ಎಡ ವಾಲಿಕೆ, ಬಲ ವಾಲಿಕೆ ನಾಲ್ಕೂ ಪುಕ್ಕಟೆ ಸಿಗುತ್ತವೆ. ಕುಳಿಯ ಅಳತೆ 108 ಮಿ.ಮೀ. ಅಷ್ಟೇ ಅಗಲದ ವೃತ್ತವನ್ನು ಚಾಕಿನಲ್ಲಿ ಬರೆದು, ಅದರೊಳಗೆ ಒಂದು ಗೋಟಡಕೆ ಇಟ್ಟು ಅದಕ್ಕೆ ಗುರಿ. ಅಡಕೆಗೆ ತಾಗಿಸಿ ಅಭ್ಯಾಸವಾದವನಿಗೆ ನಿಜವಾದ ಕುಳಿ ಕೊಳಗದ ಬಾಯಿಯಷ್ಟು ಕಾಣುತ್ತದೆ.

ದೀಪಾವಳಿಯ ಆಚೆ ಕೊಯ್ಲು ಜೋರಾದರೆ ಶೆಡ್ ನನ್ನದಲ್ಲ. ಬಲೆ ಪರದೆಯಂತೆ ಒಂದು ಬದಿಗೆ ಸರಿಯುತ್ತದೆ, ರಬ್ಬರ್ ಮ್ಯಾಟಿನ ಮೇಲೆ ಅಡಕೆ ಚೀಲ ಏರುತ್ತವೆ, ಕಾರು ಅಂಗಳದಲ್ಲಿ ಇಬ್ಬನಿಗೆ ನಿಲ್ಲುತ್ತದೆ. ಕಾರ್ಪೆಟ್ಟನ್ನು ಮಾತ್ರ ಸುತ್ತಿಕೊಂಡು ಜಗಲಿಗೆ ತರುತ್ತೇನೆ. ಅಲ್ಲಿ ರಾತ್ರಿ ಹತ್ತರ ತನಕ ಅಡಕೆ ಸುಲಿಯುವವರ ಮಾತು ಕೇಳುತ್ತ ತಳ್ಳುತ್ತಿರುತ್ತೇನೆ. ಹೋದ ವರ್ಷ ಸುಲಿಯಲು ಬಂದಿದ್ದ ಅಜ್ಜಿಯೊಬ್ಬರು ಕತ್ತಿಮಣೆ ಪಕ್ಕಕ್ಕಿಟ್ಟು ಎದ್ದು ಬಂದು, ಒಂದೇ ಏಟಿಗೆ ಗೋಟಡಕೆಗೆ ತಾಗಿಸಿ ಮತ್ತೆ ಹೋಗಿ ಕೂತರು.